'ವೇಸೆನ್': ಒಂದು ಭಯಾನಕ ಆಟದ ಜಾನಪದ ಮೂಲ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯೊಂದನ್ನು ನಡೆಸಿಕೊಂಡು ಹೋಗುವ ಆಟವು 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಅಚ್ಚಾಗಿ ಹೊರಬಂದಿತು. ಪಗಡೆಯ ಹಾಸಾಗಲಿ ಕಾಯಿಗಳಾಗಲಿ ಇದಕ್ಕೆ ಅವಶ್ಯವಲ್ಲ. ಸೂತ್ರಧಾರನೊಬ್ಬನು ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ತಮ್ಮ ಪಾತ್ರಗಳು ಮಾಡುವುದೇನೆಂದು ಹೇಳುತ್ತಾರೆ. ಸಂದೇಹ ಬಂದಲ್ಲಿ ದಾಳವು ತೀರ್ಪು ಕೊಡುತ್ತದೆ. 1981ರ 'ಕಾಲ್ ಆಫ್ ಕ್ತುಲ್ಹು' ಎಂಬ ಆಟವು ಭಯಾನಕವನ್ನೇ ಅಂಗಿರಸವಾಗಿ ಮಾಡಿಕೊಂಡಿತಾದರೂ, ಅಲ್ಲಿಯ ಭಯವು ಲವ್‌ಕ್ರಾಫ್ಟ್ ಎಂಬ ಕತೆಗಾರನ ಕಲ್ಪನೆಯಿಂದ ಮೂಡಿದುದು. ಜನಪದರ ನಂಬಿಕೆಯನ್ನೇ ತಳಹದಿಯಾಗಿಟ್ಟುಕೊಂಡ ಆಟಗಳಲ್ಲಿ 2020ರಲ್ಲಿ ಸ್ವೀಡನ್ನಿನ ಫ್ರಿಯಾ ಲೀಗನ್ ಸಂಸ್ಥೆ ಪ್ರಕಟಿಸಿದ 'ವೇಸೆನ್' ಗಮನಾರ್ಹವಾದುದು. ಚಿತ್ರಕಾರ ಯೂಹಾನ್ ಎಗರ್‌ಕ್ರಾನ್ಸನ 2013ರ ಸಚಿತ್ರ ಗ್ರಂಥವನ್ನು ಆಧರಿಸಿ ನಿಲ್ಸ್ ಹಿಂಟ್ಸೆ ಇದರ ನಿಯಮಗಳನ್ನು ರಚಿಸಿದನು.

'ವೇಸೆನ್' ಎಂದರೆ 'ಇರವು', 'ಇರುವಂಥದು'. ಇದರ ಮೂಲದಲ್ಲಿರುವ ಜರ್ಮಾನಿಕ್ ಧಾತುವು ಸಂಸ್ಕೃತದ 'ವಸ್' ಧಾತುವಿನ ಜ್ಞಾತಿ. ಕನ್ನಡಿಗರು ನಿತ್ಯವೂ ಬಳಸುವ ವಾಸ, ವಸತಿಗಳು ಆ ಧಾತುವಿನಿಂದಲೇ ಬಂದವು. ಈ ನಂಟು ಭಾಷಾಶಾಸ್ತ್ರದ ಕುತೂಹಲ ಮಾತ್ರವಲ್ಲ. ಈ ಶಕ್ತಿಗಳಲ್ಲಿ ಹಲವಕ್ಕೆ ನೆಲೆಯೇ ಲಕ್ಷಣ. ಹೊಳೆಗೊಬ್ಬ ನೆಕ್, ಕಾಡಿಗೊಬ್ಬ ಒಡತಿ, ಒಕ್ಕಲಿನ ಮನೆಗೊಬ್ಬ ತೊಮ್ತೆ. ತೊಮ್ತೆಯ ಹೆಸರು ಹುಟ್ಟಿದ್ದೇ 'ತೊಮ್ತ್' ಎಂಬ, ಮನೆಯ ನಿವೇಶನವನ್ನು ಸೂಚಿಸುವ ಶಬ್ದದಿಂದ. ಅವನು ಗೇಣುದ್ದದ ಮುದುಕ. ಕೊಟ್ಟಿಗೆಯ ದನಗಳನ್ನು ಕಾಯುವವನು. ಕೂಲಿಯಾಗಿ ಕ್ರಿಸ್ಮಸ್ ರಾತ್ರಿ ಒಂದು ಬಟ್ಟಲು ಗಂಜಿಯನ್ನು ಬೇಡುವವನು. ಗಂಜಿಯ ಮೇಲೆ ಬೆಣ್ಣೆ ಕಾಣದೆ ಕೆರಳಿ ಮನೆಯ ಹಸುವನ್ನು ಕೊಂದು, ಬಟ್ಟಲಿನ ತಳದಲ್ಲಿ ಬೆಣ್ಣೆಯಿದ್ದುದನ್ನು ಕಂಡ ಮೇಲೆ ನಾಚಿ, ನೆರೆಯವನ ಹಸುವನ್ನು ತಂದು ಕಟ್ಟಿದನೆಂಬ ಕಥೆ ಆ ದೇಶಗಳಲ್ಲೆಲ್ಲ ಪ್ರಸಿದ್ಧವಾಗಿದೆ. ನೆರೆಯವನ ಗತಿಯೇನೆಂದು ಕಥೆ ಕೇಳುವುದಿಲ್ಲ!

ಆಟದ ಕಾಲ 19ನೆಯ ಶತಮಾನ. ಜನರು ಹೊಲಗಳನ್ನು ತೊರೆದು ಕಾರ್ಖಾನೆಗಳ ಪಟ್ಟಣಗಳಿಗೆ ಸಾಗುತ್ತಿದ್ದಾರೆ. ಹಳೆಯ ಕಟ್ಟಳೆಗಳು ಮರೆತುಹೋಗಿವೆ. ಅದರಿಂದಲೇ ಶಕ್ತಿಗಳು ಕ್ರೂರವಾಗಿವೆ ಎಂಬುದು ಅದರ ಪೀಠಿಕೆ. ಇದನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. 1827ರ ಭೂವಿಂಗಡಣೆಯ ಶಾಸನವು ಚದುರಿದ್ದ ಹೊಲದ ಪಟ್ಟಿಗಳನ್ನು ಒಗ್ಗೂಡಿಸುವುದಕ್ಕಾಗಿ ಸ್ವೀಡನ್ನಿನ ಒತ್ತಾದ ಹಳ್ಳಿಗಳನ್ನು ಒಡೆಯಿತು. ಎಷ್ಟೋ ಒಕ್ಕಲುಗಳು ತಮ್ಮ ಮರದ ಮನೆಗಳನ್ನು ಬಿಚ್ಚಿ, ದೂರದ ಹೊಲಗಳಲ್ಲಿ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಮನೆಯೇನೋ ಬಂದಿತು, ನಿವೇಶನ ಬರಲಿಲ್ಲ. ಮುಂದೆ ಆ ಶತಮಾನದ ನಡುಭಾಗದಿಂದ 10 ಲಕ್ಷಕ್ಕೂ ಮಿಕ್ಕಿದ ಜನ ಅಮೆರಿಕಕ್ಕೆ ವಲಸೆ ಹೋದರು.

ಊರು ಬರಿದಾದಂತೆ ಸಂಗ್ರಾಹಕರು ಎಚ್ಚೆತ್ತರು. 1872ರಲ್ಲಿ ಉಪ್ಸಾಲಾ ವಿದ್ಯಾರ್ಥಿಗಳು ಉಪಭಾಷೆಗಳ ಅಧ್ಯಯನಕ್ಕೆ ಸಂಘ ಕಟ್ಟಿದರು. 1891ರಲ್ಲಿ ಆರ್ತೂರ್ ಹಸೇಲಿಯಸನು ಹಳ್ಳಿಯ ಮನೆಗಳನ್ನು ಬಿಚ್ಚಿ ತರಿಸಿ, ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯವನ್ನು ತೆರೆದನು. ಆಟದ ನಾಯಕರ ಬೀಡೂ ಉಪ್ಸಾಲಾ ನಗರವೇ ಆಗಿರುವುದು ಸಹಜವಾಗಿದೆ. ಅಗೋಚರವನ್ನು ಕಾಣುವ ಈ 'ಗುರುವಾರದ ಮಕ್ಕಳು' ಹಳ್ಳಿಗೆ ತೆರಳಿ, ಅಲ್ಲಿಯ ಅನರ್ಥದ ಮೂಲವನ್ನು ಶೋಧಿಸುತ್ತಾರೆ. ಶಕ್ತಿಯನ್ನು ಗುಂಡಿನಿಂದ ಕೆಲಕಾಲ ಓಡಿಸಬಹುದೇ ಹೊರತು ನೀಗಲಾಗದು. ಅದರ ಗುಟ್ಟನ್ನು ತಿಳಿದು ತಕ್ಕ ವಿಧಿಯನ್ನು ನಡೆಸಬೇಕು. ಬಹುಮಟ್ಟಿಗೆ ಅದರ ಹಿಂದೆ ಮನುಷ್ಯರೊಳಗಣ ಕಲಹವೊಂದು ಅಡಗಿರುತ್ತದೆ.

ಈ ವಿಧಿಗಳಿಗೂ ಚರಿತ್ರೆಯಿದೆ. ಕೈಬರಹದ 'ಮಾಟದ ಪುಸ್ತಕ'ಗಳೂ ಮದ್ದು ಮಂತ್ರ ಬಲ್ಲ ಹಳ್ಳಿಯ ಮುದುಕಿಯರೂ ಅಲ್ಲಿ ಬಹುಕಾಲ ಉಳಿದಿದ್ದರು. 1668ರಿಂದ 1676ರವರೆಗಿನ ಮಾಟಗಾತಿಯರ ವಿಚಾರಣೆಗಳಲ್ಲಿ ಸುಮಾರು 300 ಜನರು ಕೊಲ್ಲಲ್ಪಟ್ಟರು; ಮಾಟಕ್ಕೆ ಮರಣದಂಡನೆ ರದ್ದಾದುದು 1779ರಲ್ಲಿ. ಈ ಅಧ್ಯಾಯಕ್ಕೆ ಹೋಲಿಸಿದರೆ ಆಟದ ಭಯ ಸೌಮ್ಯವೆಂದೇ ಹೇಳಬೇಕು.

ಆಕ್ಷೇಪಕ್ಕೂ ಎಡೆಯುಂಟು. ಪ್ರತಿಯೊಂದು ಶಕ್ತಿಗೂ ಒಂದು ಗುಟ್ಟು, ಪ್ರತಿಯೊಂದು ಗುಟ್ಟಿಗೂ ಒಂದು ಪರಿಹಾರ ಎಂಬುದು ಪತ್ತೇದಾರಿ ಕಾದಂಬರಿಗಳನ್ನು ಓದಿದ ಪಟ್ಟಣಿಗರ ಅಭ್ಯಾಸ. ಒಕ್ಕಲಿಗನಿಗೆ ತೊಮ್ತೆ ಬಿಡಿಸಬೇಕಾದ ಒಗಟಾಗಿರಲಿಲ್ಲ. ವರ್ಷ ವರ್ಷವೂ ಗಂಜಿಯಿಟ್ಟು ಜೊತೆಯಲ್ಲಿ ಬಾಳಬೇಕಾದ ನೆರೆಯವನಾಗಿದ್ದನು. ನಾರ್ವೆಯ ಕ್ರಿಸ್ತಿಯಾನ್ಸೆನ್ 1958ರಲ್ಲಿ ಪ್ರಕಟಿಸಿದ ಸಂಚಾರಿ ಐತಿಹ್ಯಗಳ ಸೂಚಿಯಲ್ಲಿ 7020ನೆಯದು ಈ ಸಂಬಂಧದ್ದೇ. ಮನೆಯ ಶಕ್ತಿಯ ಕಾಟಕ್ಕೆ ಬೇಸತ್ತ ಒಬ್ಬ ಒಕ್ಕಲಿಗ ಸರಂಜಾಮನ್ನೆಲ್ಲ ಗಾಡಿಗೇರಿಸಿ ಊರು ಬಿಟ್ಟು ಹೊರಡುತ್ತಾನೆ. ದಾರಿಯಲ್ಲಿ ಪರಿಚಿತನೊಬ್ಬ ಎದುರಾಗಿ, ಮನೆ ಬದಲಾಯಿಸುತ್ತಿರುವಿರಾ ಎಂದು ಕೇಳುತ್ತಾನೆ. ಒಕ್ಕಲಿಗ ಬಾಯಿ ತೆರೆಯುವ ಮೊದಲೇ, ಹೌದು, ನಾವು ಬೇರೆ ಊರಿಗೆ ಹೊರಟಿದ್ದೇವೆ ಎಂಬ ಉತ್ತರ ಗಾಡಿಯ ಮೇಲಿನ ಪೀಪಾಯಿಯೊಳಗಿಂದ ಬರುತ್ತದೆ.