ಗಡಿನಾಡಿನ ಅಡಕೆ ಬೆಳೆಗಾರರೂ ಸಹಕಾರವೂ

ನಮ್ಮ ಕಾಸರಗೋಡು ಸೀಮೆಯಲ್ಲಿ ಬಯಲು ಭೂಮಿ ಕಡಮೆ. ಗುಡ್ಡಗಳ ನಡುವಣ ಕಣಿವೆಯಲ್ಲಿ, ತೋಡಿನ ಬದಿಯಲ್ಲಿ ಒಂದೆರಡು ಎಕ್ರೆಗಳ ಅಡಕೆ ತೋಟ. ಅದರ ಮೇಲ್ಗಡೆ ಮನೆ. ಮನೆಯ ಮುಂದೆ ಅಡಕೆ ಒಣಗುವ ಅಂಗಳ. ಇಷ್ಟೇ ಬಹುಮಂದಿಯ ಆಸ್ತಿ. ಮಕ್ಕಳ ವಿದ್ಯಾಭ್ಯಾಸ, ಮದುವೆ, ಔಷಧೋಪಚಾರ, ದೇವರ ಕಾರ್ಯ, ಎಲ್ಲವೂ ಆ ಅಂಗಳದ ಬೆಳೆಯಿಂದಲೇ ಸಾಗಬೇಕು.

ಈ ಬೆಳೆಯ ಶ್ರಮವನ್ನು ನಾವೆಲ್ಲರೂ ಕಂಡಿದ್ದೇವೆ. ಆಟಿಯ ಮಳೆಯ ನಡುವೆ ಬಿಸಿಲ ಬಿಡುವನ್ನು ಕಾದು, ಮೈಲುತುತ್ತು ಹಾಗೂ ಸುಣ್ಣವನ್ನು ಬೆರಸಿ ಮರದ ತುದಿಗೇರಿ ಸಿಂಪಡಿಸದಿದ್ದರೆ ಮಹಾಳಿ ರೋಗಕ್ಕೆ ಕೊನೆಗಳು ಉದುರುತ್ತವೆ. ಕೊಯ್ದ ಹಣ್ಣಡಕೆ ಸುಮಾರು ನಲುವತ್ತು ದಿನ ಬಿಸಿಲುಂಡ ಮೇಲೆಯೇ ಸುಲಿಯುವುದಕ್ಕೆ ಬರುತ್ತದೆ. ಇಷ್ಟೆಲ್ಲ ಮಾಡಿ ನಾಲ್ಕು ಗೋಣಿ ಚಾಲಿಯನ್ನು ಪೇಟೆಗೆ ಒಯ್ದ ಬೆಳೆಗಾರನು ಅಂಗಡಿಯ ಮೆಟ್ಟಿಲಿನಲ್ಲಿ ಒಂಟಿಯಾಗುತ್ತಿದ್ದನು. ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು ಎಂದು ಬೇರ್ಪಡಿಸುವವನೂ ಕೊಳ್ಳುವವನೇ. ಧಾರಣೆಯನ್ನು ಹೇಳುವವನೂ ಅವನೇ. ಮಳೆಗಾಲದಲ್ಲಿ ಮುಂಗಡ ಪಡೆದಿದ್ದವನಿಗಂತೂ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ.

ಈ ಒಂಟಿತನಕ್ಕೆ ಸಹಕಾರವೇ ಮದ್ದೆಂಬುದನ್ನು ಕನ್ನಡನಾಡು ಬೇಗನೆ ಅರಿತಿತು. 1904ರ ಸಹಕಾರ ಶಾಸನ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ನಮ್ಮ ಕಡೆಯಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಈ ಕಾರ್ಯಕ್ಕೆ ಕೈಯಿಟ್ಟರು. 1914ರಲ್ಲಿ ಜಿಲ್ಲೆಯ ಸಹಕಾರಿ ಬ್ಯಾಂಕು ಉದಯಿಸಿತು. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಸಾಲದ ಬಾಧೆಗೆ ಹೀಗೆ ಒಂದು ಪರಿಹಾರ ತೋರಿತಾದರೂ ಮಾರಾಟದ ಬಾಧೆ ಉಳಿದೇ ಇತ್ತು.

1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಬಗೆಯ ತೋಟ, ಒಂದೇ ಬಗೆಯ ಬೆಳೆ, ಒಂದೇ ಬಳಗದ ಜನ. ಆದರೆ ಸರಕಾರಗಳು ಎರಡಾದವು. ಮಂಗಳೂರಿನ ಮಾರುಕಟ್ಟೆ ಮಾತ್ರ ಇಬ್ಬರಿಗೂ ಒಂದೇ ಆಗಿ ಉಳಿಯಿತು. ಮುಂದೆ ಕೇರಳದಲ್ಲಿ 1970ರಲ್ಲಿ, ಕರ್ನಾಟಕದಲ್ಲಿ 1974ರಲ್ಲಿ ಭೂಸುಧಾರಣೆಯು ಜಾರಿಗೆ ಬಂದು ಗೇಣಿದಾರರಾಗಿದ್ದ ಅನೇಕರು ತಾವು ದುಡಿದ ನೆಲಕ್ಕೆ ಒಡೆಯರಾದರು. ನೆಲ ತನ್ನದಾಯಿತು, ಬೆಳೆಯ ಬೆಲೆ ತನ್ನ ಕೈಯಲ್ಲಿಲ್ಲದಿದ್ದರೆ ಆ ಒಡೆತನವು ಎಷ್ಟು ದಿನದ್ದು?

ಈ ಪ್ರಶ್ನೆಯು ತೀವ್ರವಾದುದು 1970ರ ಬಳಿಕ, ಅಡಕೆಯ ಧಾರಣೆ ಕುಸಿದಾಗ. ಆಗ ಗಡಿಯ ಅಂಚಿನ ಅಡ್ಯನಡ್ಕದ ಕೃಷಿಕರಾದ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಳಾದರು. ಎರಡು ರಾಜ್ಯಗಳ ಬೆಳೆಗಾರರನ್ನೂ ಎರಡು ಸರಕಾರಗಳನ್ನೂ ಒಂದೇ ಸಂಸ್ಥೆಯಲ್ಲಿ ಕೂಡಿಸುವುದು ಸುಲಭದ ಕಾರ್ಯವಾಗಿರಲಿಲ್ಲ. ಆದರೂ 1973ರ ಜುಲಾಯಿ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಯಿತು. ಭಟ್ಟರೇ ಅದರ ಸ್ಥಾಪಕಾಧ್ಯಕ್ಷರು. ರಾಜ್ಯದ ಗಡಿಯು ಬೇರ್ಪಡಿಸಿದವರನ್ನು ಅಡಕೆಯ ತಕ್ಕಡಿಯು ಮತ್ತೆ ಕೂಡಿಸಿತು.

ಸಂಸ್ಥೆಯ ಬಲವಿರುವುದು ಸರಳವಾದ ಒಂದು ತತ್ತ್ವದಲ್ಲಿ. ಸದಸ್ಯನು ಅಲ್ಪ ಮೊತ್ತದ ಪಾಲು ತೆಗೆದುಕೊಳ್ಳುತ್ತಾನೆ. ತನ್ನ ಸಮೀಪದ ಕೇಂದ್ರದಲ್ಲಿ, ಪ್ರಕಟವಾದ ಧಾರಣೆಗೆ ಅಡಕೆಯನ್ನು ಕೊಡುತ್ತಾನೆ. ಸಹಕಾರಿಯು ಪೇಟೆಯಲ್ಲಿ ಕೊಳ್ಳಲು ನಿಂತರೆ ಉಳಿದ ವ್ಯಾಪಾರಿಗಳೂ ಅದಕ್ಕಿಂತ ಬಹಳ ಕೆಳಗಿಳಿಯಲಾರರು. ಆದುದರಿಂದ ಸದಸ್ಯನಲ್ಲದ ಬೆಳೆಗಾರನಿಗೂ ಅದರ ಲಾಭವುಂಟು.

ಪರೀಕ್ಷೆಯೂ ಬೇಗನೆ ಬಂದಿತು. ಅಡಕೆಯ ನಡುವೆ ಉಪಬೆಳೆಯಾಗಿ ಕೊಕ್ಕೋ ಗಿಡಗಳನ್ನು ಬೆಳೆಸಿದ್ದ ರೈತರು 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಕೈಚೆಲ್ಲಿದರು. ಆಗ ಕ್ಯಾಂಪ್ಕೋ ಕೊಕ್ಕೋವನ್ನೂ ಕೊಳ್ಳತೊಡಗಿತು. ಮಾತ್ರವಲ್ಲ, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನು ಸ್ಥಾಪಿಸಿತು. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗರು ಅದನ್ನು ಉದ್ಘಾಟಿಸಿದರು. ಸಣ್ಣ ತೋಟದವರ ಪಾಲುಹಣದಿಂದ ಹುಟ್ಟಿದ ಸಂಸ್ಥೆ ಹದಿಮೂರು ವರ್ಷಗಳಲ್ಲಿ ಈ ಮಟ್ಟಕ್ಕೆ ಬಂದುದು ಅಭಿಮಾನಪಡತಕ್ಕ ಸಂಗತಿ. ಇಂದು ಸದಸ್ಯರ ಸಂಖ್ಯೆ ಲಕ್ಷವನ್ನು ಮೀರಿದೆ.

ಆದರೆ ಅಭಿಮಾನವೊಂದರಿಂದ ಸಂಘ ಬಾಳುವುದಿಲ್ಲ. ಹೊರಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ದೊರೆತರೆ ನಾವು ಅತ್ತ ಹೋಗುತ್ತೇವೆ. ಧಾರಣೆ ಕುಸಿದಾಗ ಸಂಘದ ಬಾಗಿಲಿಗೆ ಬಂದು ದೂರುತ್ತೇವೆ. ಈ ದೋಷ ಪರರದಲ್ಲ, ನಮ್ಮದೇ.

ಇಂದು ಹಿಸ್ಸೆಯಾದ ತೋಟಗಳು ಮತ್ತಷ್ಟು ಕಿರಿದಾಗಿವೆ. ಮಕ್ಕಳು ದೂರದ ಪಟ್ಟಣಗಳಲ್ಲಿದ್ದಾರೆ. ಮರವೇರಿ ಮದ್ದು ಬಿಡುವವರು ದುರ್ಲಭರು. ಹಳದಿ ರೋಗ, ಎಲೆಚುಕ್ಕಿ ರೋಗಗಳು ಒಬ್ಬನ ಬೇಲಿಯೊಳಗೆ ನಿಲ್ಲುವಂಥವಲ್ಲ. ಆದುದರಿಂದ ಮಂಗಳೂರಿನ ದೊಡ್ಡ ಸಂಸ್ಥೆಯೊಂದಿದ್ದರೆ ಸಾಲದು. ಒಂದೊಂದು ಬೈಲಿನಲ್ಲಿಯೂ ಹತ್ತು ಮನೆಯವರು ಕೂಡಬೇಕು. ಮದ್ದು ಬಿಡುವ ದಿನವನ್ನು ಒಟ್ಟಾಗಿ ಗೊತ್ತುಮಾಡಬೇಕು. ಯಂತ್ರವನ್ನು ಒಟ್ಟಾಗಿ ಕೊಳ್ಳಬೇಕು. ತೋಡಿನ ಕಟ್ಟವನ್ನು ಒಟ್ಟಾಗಿ ಕಟ್ಟಬೇಕು. ಲೆಕ್ಕವನ್ನು ನಮ್ಮ ಕನ್ನಡದಲ್ಲಿಯೇ ಬರೆದು ಎಲ್ಲರೆದುರಿಗೆ ಓದಬೇಕು.

ಗಡಿನಾಡಿನಲ್ಲಿ ಮನೆ ಉಳಿದರೆ ಶಾಲೆ ಉಳಿದೀತು. ಶಾಲೆ ಉಳಿದರೆ ಭಾಷೆ ಉಳಿದೀತು. ಆ ಮನೆಯನ್ನು ಉಳಿಸುವುದು ತೋಟ. ಮುಂದಿನ ಮಳೆಗಾಲಕ್ಕೆ ಮೊದಲೇ ನೆರೆಮನೆಯ ಅಂಗಳಕ್ಕೆ ಹೋಗಿ ಈ ಮಾತನ್ನು ನಾವೇ ಆರಂಭಿಸೋಣ.