ಕಡಲ ಗಾಳಿಗೆ ಸಿಕ್ಕ ವಿಲಾಯತಿ ಕಾರು

ಹೊನ್ನಾವರ ದಾಟಿ ಭಟ್ಕಳದ ದಿಕ್ಕಿಗೆ ಹೊರಟರೆ ನಡುವೆ ಸಿಗುವ ಊರು ಮಂಕಿ. ಎಡಕ್ಕೆ ಸಹ್ಯಾದ್ರಿಯ ತಪ್ಪಲು, ಬಲಕ್ಕೆ ಅರಬ್ಬಿ ಸಮುದ್ರ, ಎರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ. ಹಿಂದೆ 17ನೇ ನಂಬರಿನದಾಗಿದ್ದ ಈ ರಸ್ತೆಗೆ 2010ರ ಹೊಸ ಎಣಿಕೆಯಲ್ಲಿ 66 ಎಂಬ ಸಂಖ್ಯೆ ಬಂತು. ಮಳೆಗಾಲದ ನಾಲ್ಕು ತಿಂಗಳಲ್ಲಿ ಇಲ್ಲಿ ಸುರಿಯುವುದು ಸುಮಾರು ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ಉಳಿದ ದಿನಗಳಲ್ಲಿ ಉಪ್ಪು ಬೆರೆತ ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಆರದ ಸೆಕೆ. ಪೂರ್ವಕ್ಕೆ ತಿರುಗಿದರೆ ಘಟ್ಟದ ಏರು. ಕಾರೊಂದರ ಒಳಗಿನ ದೋಷಗಳನ್ನೆಲ್ಲ ಹೊರಗೆಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಈ ಪರೀಕ್ಷೆಗೆ ಕೂತ ಕಾರುಗಳು ಹೆಚ್ಚುಕಡಿಮೆ ಎಲ್ಲವೂ ಯುರೋಪಿನ ಸಂತಾನ. ಸ್ವಾತಂತ್ರ್ಯಕ್ಕೆ ಮೊದಲು ಅಮೆರಿಕದ ಕಾರುಗಳದೇ ದರ್ಬಾರು. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆ ಇರುವವರಿಗೆ ಮಾತ್ರ ಅವಕಾಶ ಎಂದು 1953ರಲ್ಲಿ ಸುಂಕ ಆಯೋಗದ ವರದಿಯ ನಂತರ ಸರಕಾರ ಪಟ್ಟು ಹಿಡಿದಾಗ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಆಮೇಲೆ ಜನರ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಮೂರು ಕಾರು. ಕಲ್ಕತ್ತೆಯ ಬಳಿಯ ಉತ್ತರಪಾರಾದ ಆಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಅವತಾರ. ಮುಂಬಯಿ ಕುರ್ಲಾದ ಫಿಯೆಟ್ ಇಟಲಿಯ ಟ್ಯೂರಿನ್ನಿನದು. 1974ರಿಂದ ಅದರ ಹೆಸರು ಪ್ರೀಮಿಯರ್ ಪದ್ಮಿನಿ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಬಂದ ಬ್ರಿಟಿಷ್ ಟ್ರಯಂಫ್ ಕಾರು. ಹೆಸರು, ಹಣೆಪಟ್ಟಿ ಸ್ವದೇಶಿ; ನಕ್ಷೆ ಮಾತ್ರ ತಂಪು ದೇಶದ್ದು. ಕೆಟ್ಟುಹೋಗುವ ರೀತಿಯೂ ಅಲ್ಲಿಯದೇ.

ಹೀಗೆಂದರೆ ಆ ಕಾರುಗಳು ಕಳಪೆಯಾಗಿದ್ದವು ಎಂದಲ್ಲ. ಆಕ್ಸ್‌ಫರ್ಡಿನ ಎಂಜಿನಿಯರನಿಗೆ ಇದ್ದ ಚಿಂತೆ ಜನವರಿಯ ಮುಂಜಾನೆ ಎಂಜಿನ್ ಶುರುವಾಗುವುದು ಹೇಗೆ ಎಂಬುದು. ಮೇ ತಿಂಗಳ ಮಧ್ಯಾಹ್ನ ಗೇರುಸೊಪ್ಪೆಯಿಂದ ಮೇಲೇರುವ ಟ್ಯಾಕ್ಸಿ ಅವನ ಕಲ್ಪನೆಗೇ ಬಂದಿರಲಾರದು.

ಘಟ್ಟದ ಮಾತನ್ನೇ ಮೊದಲು ನೋಡಬಹುದು. ಹೊನ್ನಾವರದಿಂದ ಜೋಗದ ಕಡೆಗೆ ಹೊರಟ ಕಾರು ಸಮುದ್ರಮಟ್ಟದಿಂದ ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಏರಬೇಕು. ಕೆಳಗಿನ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ, ಕಾರು ಮಾತ್ರ ನಿಧಾನ. ಹಾಗಾಗಿ ರೇಡಿಯೇಟರಿಗೆ ಎದುರುಗಾಳಿ ಸಾಲದು. ಪದ್ಮಿನಿಯ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕೆಗೇ ಅಂಟಿಕೊಂಡಿತ್ತು. ಎಂಜಿನ್ ಕಾದಂತೆ ಪಂಪೂ ಕಾಯುತ್ತದೆ, ಒಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ದ್ರವವನ್ನು ತಳ್ಳಲೆಂದು ಮಾಡಿದ ಪಂಪು ಆವಿಯನ್ನು ತಳ್ಳಲಾರದು; ಅದನ್ನು ಹಿಗ್ಗಿಸಿ ಕುಗ್ಗಿಸುತ್ತ ಕೂರುತ್ತದೆ. ಕಾರ್ಬೊರೇಟರಿಗೆ ಪೆಟ್ರೋಲ್ ಬಾರದೆ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಚಾಲಕರು ಇದನ್ನು ಇಂಗ್ಲಿಷಿನಲ್ಲೇ ‘ವೇಪರ್ ಲಾಕ್’ ಎಂದು ಕರೆದರು. ಮದ್ದು ಮಾತ್ರ ದೇಸಿ: ಚಕ್ರದ ಹಿಂದೆ ಕಲ್ಲು ಇಟ್ಟು, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು. ಬಟ್ಟೆಯ ನೀರು ಆರುತ್ತ ಪಂಪಿನ ಕಾವನ್ನು ಎಳೆದುಕೊಳ್ಳುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಮಡಕೆಯ ನೀರು ತಣ್ಣಗಾಗುವ ಸೂತ್ರವೇ ಇಲ್ಲಿಯೂ ಕೆಲಸ ಮಾಡುತ್ತದೆ. ಅನುಭವಸ್ಥ ಚಾಲಕ ಘಟ್ಟದ ಬುಡದಲ್ಲೇ ಬಟ್ಟೆ ನೆನೆಸಿ ಕಟ್ಟಿಕೊಂಡು ಹೊರಡುತ್ತಿದ್ದ.

ಬೇಸಗೆಯಲ್ಲಿ ಪೆಟ್ರೋಲಿನ ಕಾಟವಾದರೆ ಮಳೆಗಾಲದಲ್ಲಿ ಕರೆಂಟಿನ ಕಾಟ. ಆ ಕಾಲದ ಪೆಟ್ರೋಲ್ ಎಂಜಿನ್ನಿನ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಒಳಗೆ ‘ಪಾಯಿಂಟ್’ ಎಂಬ ಪುಟ್ಟ ಲೋಹದ ಜೋಡಿ. ಎರಡರ ನಡುವೆ ಅರ್ಧ ಮಿಲಿಮೀಟರಿಗೂ ಕಡಿಮೆ ಅಂತರ. ಕಾರು ಓಡಿದಂತೆಲ್ಲ ಅದು ಸುಟ್ಟು ಸವೆಯುತ್ತದೆ. ಮರಳು ಕಾಗದದಿಂದ ಉಜ್ಜಿ ಅಂತರ ಹೊಂದಿಸಬೇಕು. ಮೇಲಿನ ಮುಚ್ಚಳಕ್ಕೆ ತೇವ ಹಿಡಿದರೆ ಸಾವಿರಾರು ವೋಲ್ಟಿನ ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಒದ್ದೆ ಮೈಮೇಲೆ ಹರಿದು ಹೋಗಿಬಿಡುತ್ತದೆ. ಮಂಕಿಯ ಆಷಾಢದ ಮಳೆಗೆ ಆ ಮುಚ್ಚಳವನ್ನು ಒಣಗಿಸುವುದೇ ಬೆಳಗಿನ ಮೊದಲ ಕೆಲಸವಾದರೆ ಆಶ್ಚರ್ಯವಿಲ್ಲ. ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಬಿಗಿಯುವ ಉಪಾಯವೂ ಇತ್ತು.

ಇದರಲ್ಲಿ ಬರೀ ಹವೆಯ ತಪ್ಪಿಲ್ಲ ಎನ್ನುವವರು ಇಂಗ್ಲೆಂಡಿನಲ್ಲೇ ಇದ್ದರು. ಬ್ರಿಟಿಷ್ ಕಾರುಗಳ ವಿದ್ಯುತ್ ಸಾಮಾನು ಬಹುಪಾಲು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿಯದು. ದೀಪ ಎಲ್ಲೆಂದರಲ್ಲಿ ಆರುತ್ತದೆ ಎಂಬ ಸಿಟ್ಟಿಗೆ ಅಲ್ಲಿಯ ಚಾಲಕರು ಅದಕ್ಕೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದು ಕೊಟ್ಟಿದ್ದರು. ತಮಾಷೆ ಸ್ವಲ್ಪ ಅತಿಯೇ. ಡೈನಮೋ ಎಂಬ ಯಂತ್ರದ ಗುಣವೇ ಹಾಗೆ: ಎಂಜಿನ್ ನಿಧಾನಕ್ಕೆ ತಿರುಗಿದರೆ ಅದು ಬ್ಯಾಟರಿಗೆ ಏನನ್ನೂ ಕೊಡದು. ಜಡಿಮಳೆಯ ರಾತ್ರಿ ಹೆಡ್‌ಲೈಟು, ವೈಪರು ಎರಡನ್ನೂ ಹಾಕಿಕೊಂಡು ತೆವಳುವ ಕಾರಿನ ಬ್ಯಾಟರಿ ಊರು ಮುಟ್ಟುವ ಮೊದಲೇ ಬರಿದಾಗುತ್ತದೆ. ಮುಂದೆ ಆಲ್ಟರ್‌ನೇಟರ್ ಬಂದಾಗಲೇ ಈ ಪೀಡೆ ತಪ್ಪಿದ್ದು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವಂಥದಲ್ಲ. ಕಾರಿನಲ್ಲಿ ಕರೆಂಟು ತಂತಿಯಲ್ಲಿ ಹೋಗಿ ಮೈಯ ತಗಡಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಇದನ್ನೇ ‘ಅರ್ಥ್’ ಎನ್ನುವುದು. ಹಳೆಯ ಬ್ರಿಟಿಷ್ ಕಾರುಗಳು ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸುತ್ತಿದ್ದವು. ತಂತಿಗಳ ಕಿಲುಬು ತಗ್ಗುತ್ತದೆ ಎಂಬ ನಂಬಿಕೆಯೂ ಅದರ ಹಿಂದಿತ್ತು. ಇಟಲಿಯ ಫಿಯೆಟ್ಟಿನಲ್ಲಿ ಇದು ತಿರುವುಮುರುವು. ಎರಡೂ ಬಗೆಯ ಕಾರನ್ನು ಮುಟ್ಟುವ ಮೆಕ್ಯಾನಿಕ್ ಬ್ಯಾಟರಿ ಕೂರಿಸುವ ಮೊದಲು ಒಂದು ಗಳಿಗೆ ಯೋಚಿಸಬೇಕಾಗಿತ್ತು. ಉಪ್ಪುಗಾಳಿಗೆ ಜೋಡಣೆ ತುಕ್ಕು ಹಿಡಿದರೆ ಹಾರ್ನ್ ಒತ್ತಿದಾಗ ದೀಪ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಇನ್ನೇನೋ ಮಿಣುಕುವುದು ಮುಂತಾದ ವಿಚಿತ್ರಗಳು ಶುರು. ಬಲ್ಬು, ಬ್ಯಾಟರಿ ಬದಲಿಸಿ ಹಣ ಕಳೆದುಕೊಂಡ ಮೇಲೆ ಅನುಭವಿಯೊಬ್ಬ ಬಂದು ಬೋಲ್ಟ್ ಬಿಚ್ಚಿ, ತಗಡು ಹೊಳೆಯುವಂತೆ ಕೆರೆದು ಮತ್ತೆ ಬಿಗಿದರೆ ಎಲ್ಲ ಸರಿ!

ತುಕ್ಕಿನ ವಿಷಯದಲ್ಲಿ ಯುರೋಪನ್ನು ಪೂರ್ತಿ ಅಮಾಯಕ ಎನ್ನುವಂತಿಲ್ಲ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಎರಚುತ್ತಾರೆ. ಇಟಲಿಯ ಲ್ಯಾನ್ಸಿಯಾ ಬೀಟಾ ಕಾರಿನ ತಳಭಾಗ ತುಕ್ಕಿಗೆ ಕರಗಿ, 1980ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವಾಗಿ, ಕಂಪನಿ ಮಾರಿದ ಕಾರುಗಳನ್ನೇ ಮರಳಿ ಕೊಳ್ಳಬೇಕಾಯಿತು. ಕರಾವಳಿಯಲ್ಲಿ ಉಪ್ಪಿನ ಜೊತೆಗೆ ಸೆಕೆಯೂ ಸೇರಿ ತುಕ್ಕು ಇನ್ನೂ ಚುರುಕು. ಆಂಬಾಸಿಡರ್, ಫಿಯೆಟ್ ಎರಡಕ್ಕೂ ಲಾರಿಯಂತೆ ಬೇರೆ ಚಾಸಿ ಇಲ್ಲ, ಮೈಯೇ ಎಲುಬು. ಆದ್ದರಿಂದ ನೆಲದ ತಗಡು ತೂತಾಯಿತೆಂದರೆ ಅದು ಬರೀ ಅಂದದ ಪ್ರಶ್ನೆಯಾಗಿರಲಿಲ್ಲ. ಕೊಳೆತ ಭಾಗ ಕತ್ತರಿಸಿ ತೇಪೆ ಬೆಸೆಯುವ ಟಿಂಕರಿಂಗ್ ಕರಾವಳಿಯ ಗ್ಯಾರೇಜುಗಳಲ್ಲಿ ಒಂದು ಪ್ರತ್ಯೇಕ ಕಸುಬೇ ಆಗಿ ಬೆಳೆಯಿತು.

ಬಿಡಿಭಾಗಗಳ ಕಥೆಯಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. ಜರ್ಮನಿಯ ಬಾಷ್ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋದ ಸ್ಪಾರ್ಕ್ ಪ್ಲಗ್ ಊರೂರಿನ ಅಂಗಡಿಯಲ್ಲಿ ಸಿಗುವಂತಾಯಿತು. ಹೊಂಡಕ್ಕೆ ಬಿದ್ದು ಮುರಿದ ಪಟ್ಟೆ ಸ್ಪ್ರಿಂಗಿಗೆ ದೂರ ಹೋಗಬೇಕಿರಲಿಲ್ಲ. ‘ನವಭಾರತ’ ಪತ್ರಿಕೆಯ ಸ್ಥಾಪಕ ವಿ.ಎಸ್. ಕುಡ್ವರು 1940ರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಸ್ಪ್ರಿಂಗ್ ತಯಾರಿಕೆಗೇ ಹೆಸರಾಗಿತ್ತು.

1980ರ ಸುಮಾರಿಗೆ ಆಂಬಾಸಿಡರಿಗೆ ಡೀಸೆಲ್ ಎಂಜಿನ್ ಬಂತು. ಟ್ಯಾಕ್ಸಿಯವರು ಅದಕ್ಕೆ ಮುಗಿಬಿದ್ದದ್ದು ಡೀಸೆಲ್ ಅಗ್ಗ ಎಂದೇ ಹೌದು. ಆದರೆ ಕರಾವಳಿಯವರಿಗೆ ಇನ್ನೊಂದು ಲಾಭವೂ ಇತ್ತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಡಿಸ್ಟ್ರಿಬ್ಯೂಟರ್, ಪಾಯಿಂಟ್, ಒದ್ದೆ ಮುಚ್ಚಳ ಎಲ್ಲಕ್ಕೂ ಒಂದೇ ಏಟಿಗೆ ಮುಕ್ತಿ. ಅಂದಹಾಗೆ, ಈ ಭಾಗದ ಜನ ದಿನವೂ ಹತ್ತಿ ಇಳಿಯುವ ‘ಟೆಂಪೋ’ದ ಹೆಸರೂ ಯುರೋಪಿನದೇ. ಅದು ಹ್ಯಾಂಬರ್ಗಿನ ಕಂಪನಿಯೊಂದರ ಗುರುತು. 1958ರಲ್ಲಿ ಬಜಾಜ್ ಟೆಂಪೋದ ಮೂಲಕ ಇಲ್ಲಿಗೆ ಬಂದು ಕನ್ನಡದ್ದೇ ಪದವೆಂಬಷ್ಟು ಸಲೀಸಾಯಿತು.

1993ರಲ್ಲಿ ಕಾರು ಉದ್ಯಮದ ಲೈಸೆನ್ಸ್ ಕಟ್ಟು ಸಡಿಲಿದ ಮೇಲೆ ಯುರೋಪ್ ಎರಡನೆಯ ಸಲ ಬಂತು: ಪ್ಯೂಜೊ, ಒಪೆಲ್, ಮರ್ಸಿಡಿಸ್, 2001ರಲ್ಲಿ ಸ್ಕೋಡಾ ಆಕ್ಟೇವಿಯಾ, ಆಮೇಲೆ ಫೋಕ್ಸ್‌ವ್ಯಾಗನ್. ಪದ್ಮಿನಿ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತಿತು. ಆಂಬಾಸಿಡರ್ 2014ರ ಮೇ ತಿಂಗಳಲ್ಲಿ. ಹೊಸ ಕಾರುಗಳು ಹಳೆಯವಕ್ಕಿಂತ ಬಹಳ ಕಡಿಮೆ ಕೆಡುತ್ತವೆ ಎಂಬುದನ್ನು ಒಪ್ಪಲೇಬೇಕು. ಪೆಟ್ರೋಲ್ ಪಂಪು ಟ್ಯಾಂಕಿನೊಳಗೆ ಸೇರಿ ಒತ್ತಡದಲ್ಲಿ ತಳ್ಳುವುದರಿಂದ ವೇಪರ್ ಲಾಕ್ ಮರೆಯಾಯಿತು. ಕಿಡಿಯ ಲೆಕ್ಕವನ್ನು ಕಂಪ್ಯೂಟರ್ ವಹಿಸಿಕೊಂಡಿತು.

ಆದರೆ ಕೆಟ್ಟಾಗಿನ ಪರಿಸ್ಥಿತಿ ಬೇರೆ. ಪ್ಲಾಸ್ಟಿಕ್ಕಿನ ನೀರಿನ ಕೊಳವೆ, ಜೋಡಣೆಗಳು ಕಾವಿಗೆ ಗಡುಸಾಗಿ ಸಿಡಿಯುತ್ತವೆ. ತಂತಿ ಕೂಡುವಲ್ಲಿ ಹಸಿರು ಕಿಲುಬು ಕೂತರೆ ಸೆನ್ಸರ್ ತಪ್ಪು ಲೆಕ್ಕ ಹೇಳುತ್ತದೆ. ಕಂಪ್ಯೂಟರ್ ಅದನ್ನೇ ನಂಬಿ ಎಂಜಿನ್ನಿನ ಬಲ ತಗ್ಗಿಸುತ್ತದೆ. ಮೂಲದಲ್ಲಿ ಇದು ಹಿಂದಿನ ‘ಅರ್ಥ್’ ತೊಡಕಿನ ತಮ್ಮನೇ. ಆದರೆ ಕಿವಿಗೊಟ್ಟು ಕೇಳಿದರೆ, ಕೆರೆದು ನೋಡಿದರೆ ಸಿಗುವಂಥದಲ್ಲ. ಸ್ಕ್ಯಾನರ್ ಬೇಕು, ಕಂಪನಿಯ ತಂತ್ರಾಂಶ ಬೇಕು. ಹೆದ್ದಾರಿ ಬದಿಯ ಮೆಕ್ಯಾನಿಕ್‌ಗೆ ಎರಡೂ ದುಬಾರಿ. ಅವನು ಮೂವತ್ತು ವರ್ಷ ಕೂಡಿಸಿದ ತಿಳಿವಳಿಕೆ ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ; ಕಾರು ಎಳೆಯುವ ಗಾಡಿ ಹತ್ತಿ ದೊಡ್ಡ ಊರಿಗೆ ಹೋಗುತ್ತದೆ.

ಹವೆಯ ಲೆಕ್ಕ ತಪ್ಪುವುದು ಮಾತ್ರ ಇನ್ನೂ ನಿಂತಿಲ್ಲ. ಫೋಕ್ಸ್‌ವ್ಯಾಗನ್ನಿನ ಏಳು ಗೇರಿನ, ಎರಡು ಕ್ಲಚ್ಚಿನ ‘ಡಿ.ಎಸ್.ಜಿ.’ ಸ್ವಯಂಚಾಲಿತ ಗೇರುಪೆಟ್ಟಿಗೆ ಜರ್ಮನ್ ಜಾಣ್ಮೆಯ ಹೆಗ್ಗುರುತು ಎಂದೇ ಮಾರಾಟವಾಗಿತ್ತು. ಬಿಸಿ, ತೇವದ ಹವೆಯಲ್ಲಿ ನಿಂತು ನಿಂತು ಸಾಗುವಾಗ ಅದರೊಳಗಿನ ಕೃತಕ ಎಣ್ಣೆಯಿಂದ ವಿದ್ಯುತ್ ಪೂರೈಕೆ ಕೆಡಬಹುದು ಎಂದು ಗೊತ್ತಾಗಿ, 2013ರ ನವೆಂಬರಿನಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಮರಳಿ ಗ್ಯಾರೇಜಿಗೆ ಕರೆಸಿತು. ಅಲ್ಲಿ ಮಾಡಿದ ರಿಪೇರಿ ಇಷ್ಟೇ: ಕೃತಕ ಎಣ್ಣೆಯನ್ನು ಬಸಿದು, ಹಳೆಯ ಕಾಲದ ಖನಿಜ ಎಣ್ಣೆಯನ್ನು ತುಂಬಿ ಕಳಿಸುವುದು.