ಕುಂಚದಿಂದ ಫ್ಲೆಕ್ಸಿಗೆ, ಫ್ಲೆಕ್ಸಿನಿಂದ ಎಐಗೆ: ಉಚ್ಚಂಗಿ ಸೀಮೆಯ ಚಿತ್ರಕಾರರ ಕಸುಬಿನ ಪ್ರಶ್ನೆ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳಲ್ಲಿ ಚಿತ್ರ ಬರೆದು ಬದುಕುವವರನ್ನು ಕಲಾ ಗ್ಯಾಲರಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಉಚ್ಚಂಗೆಮ್ಮನ ಜಾತ್ರೆಗೆ ಸ್ವಾಗತ ಕೋರುವ ಬ್ಯಾನರು, ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯ ಗೋಡೆ, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿ, ಊರ ನಾಟಕದ ಪರದೆ, ಗ್ರಾಮ ಪಂಚಾಯಿತಿಯ ಗೋಡೆ ಬರಹ ಇವೇ ಅವರ ಕೆಲಸದ ಜಾಗ. ಉತ್ಪಾದಕ ಕೃತಕ ಬುದ್ಧಿಮತ್ತೆಗೆ ಕಲಾವಿದರು ಹೊಂದಿಕೊಳ್ಳಲು ನೆರವಾಗಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಆದರೆ ಆ ಮಾತಿನಲ್ಲಿ ಕಲಾವಿದ ಎಂದರೆ ಮಹಾನಗರದ ಆ್ಯನಿಮೇಷನ್ ಸ್ಟುಡಿಯೊದಲ್ಲಿರುವವರು, ನೆರವು ಎಂದರೆ ನಾಲ್ಕು ದಿನದ ತರಬೇತಿ ಶಿಬಿರ. ಈ ಲೇಖನದ ವಾದ ಬೇರೆ. ಹೊಸ ಉಪಕರಣ ಕಲಿಸುವುದು ಎರಡನೆಯ ಕೆಲಸ. ಕಸುಬಿನ ಯಾವ ಪಾಲು ಚಿತ್ರಕಾರರ ಕೈಯಲ್ಲಿ ಉಳಿಯುತ್ತದೆ, ಆ ಪಾಲಿಗೆ ಅವರ ಹೆಸರೂ ತಕ್ಕ ಬೆಲೆಯೂ ಇರುತ್ತದೆಯೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಇದಕ್ಕೆ ಸಾಕ್ಷಿಯನ್ನು ದೂರದಿಂದ ತರಬೇಕಾಗಿಲ್ಲ. ಈ ಸೀಮೆಯ ಚಿತ್ರಕಾರರು ಇಂಥದೇ ಒಂದು ಪಲ್ಲಟವನ್ನು ಈಗಾಗಲೇ ಒಮ್ಮೆ ದಾಟಿದ್ದಾರೆ, ಹಲವರು ದಾಟಲಾಗದೆ ನಿಂತಿದ್ದಾರೆ.

ಆ ಪಲ್ಲಟ ಫ್ಲೆಕ್ಸಿನದು. ಅದಕ್ಕೆ ಮುಂಚೆ ಒಂದು ಅಂಗಡಿಯ ಬೋರ್ಡು ಹೇಗೆ ಸಿದ್ಧವಾಗುತ್ತಿತ್ತು ಎಂಬುದನ್ನು ನೆನೆಯಬೇಕು. ತಗಡಿಗೆ ಎರಡು ಸಲ ಬಣ್ಣ ಹೊಡೆದು ಒಣಗಿಸಿ, ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ತುದಿಯಲ್ಲಿ ಬಿಗಿಹಿಡಿದು ಮಿಡಿದರೆ ಗೆರೆ ಬೀಳುತ್ತಿತ್ತು. ಆ ಗೆರೆಗಳ ನಡುವೆ ಅಕ್ಷರಗಳ ಅಂದಾಜು, ಆಮೇಲೆ ಚಪ್ಪಟೆ ಕುಂಚದಿಂದ ಎನಾಮೆಲ್ ಬಣ್ಣ. ‘ಉಚ್ಚಂಗಿದುರ್ಗ’ ಎಂದು ಬರೆಯುವವನು ಮೊದಲು ಲೆಕ್ಕ ಹಾಕುವುದು ಅಕ್ಷರಗಳನ್ನಲ್ಲ, ಅವುಗಳ ಕೆಳಗೆ ಬೇಕಾದ ಜಾಗವನ್ನು. ಚಕಾರದ ಒತ್ತು ಗೆರೆಯಿಂದ ಕೆಳಗಿಳಿಯುತ್ತದೆ. ಅರ್ಕಾವೊತ್ತು ಉಚ್ಚಾರದಲ್ಲಿ ಗಕಾರಕ್ಕಿಂತ ಮೊದಲು ಬಂದರೂ ಬರಹದಲ್ಲಿ ಅದರ ಬಲಕ್ಕೆ ನಿಲ್ಲುತ್ತದೆ. ಇದು ಕೈಗೂ ಕಿವಿಗೂ ಒಟ್ಟಿಗೆ ಗೊತ್ತಿರಬೇಕಾದ ವಿದ್ಯೆ. ನಾಟಕದ ಪರದೆಯ ಕೆಲಸ ಇನ್ನೂ ದೊಡ್ಡದು. ಅಂಟು ಕಲಸಿದ ಪುಡಿ ಬಣ್ಣದಲ್ಲಿ ರಸ್ತೆಯ ಸೀನು, ಕಾಡಿನ ಸೀನು, ದರ್ಬಾರಿನ ಸೀನು ಬರೆಯುವವನಿಗೆ ಪ್ರೇಕ್ಷಕ ಎಷ್ಟು ದೂರ ಕೂರುತ್ತಾನೆ, ದೀಪದ ಬೆಳಕಿನಲ್ಲಿ ಯಾವ ಬಣ್ಣ ಸಾಯುತ್ತದೆ ಎಂಬ ತಿಳಿವಳಿಕೆ ಬೇಕು. ಗಿರಾಕಿಯ ಜೊತೆ ಮಾತು, ಅಕ್ಷರ, ಚಿತ್ರ, ಬಣ್ಣ, ತೂಗುಹಾಕುವುದು ಎಲ್ಲವೂ ಒಬ್ಬನೇ ಮನುಷ್ಯನ, ಹೆಚ್ಚೆಂದರೆ ಅವನ ಶಿಷ್ಯನ ಕೆಲಸ.

ಈ ಶತಮಾನದ ಮೊದಲ ದಶಕದಲ್ಲಿ ಫ್ಲೆಕ್ಸ್ ಮುದ್ರಣ ತಾಲ್ಲೂಕು ಕೇಂದ್ರಗಳಿಗೆ ಬಂದಾಗ ಈ ಒಂದು ಕೆಲಸ ಮೂರಾಗಿ ಒಡೆಯಿತು. ಅಕ್ಷರ ಫಾಂಟಿಗೆ ಹೋಯಿತು (‘ಬರಹ’ ತಂತ್ರಾಂಶ 1998ರಲ್ಲೇ ಬಂದಿತ್ತು, ‘ನುಡಿ’ ಅದರ ಬೆನ್ನಿಗೆ). ಜೋಡಣೆ ಕಂಪ್ಯೂಟರಿನ ಮುಂದೆ ಕುಳಿತ ಡಿಟಿಪಿ ಹುಡುಗರಿಗೆ ಹೋಯಿತು. ಮುದ್ರಣದ ಲಾಭ ಯಂತ್ರಕ್ಕೆ ಬಂಡವಾಳ ಹಾಕಿದವರಿಗೆ ಸೇರಿತು. ‘ಆರ್ಟ್ಸ್’ ಎಂದಿದ್ದ ಅಂಗಡಿಗಳ ಹೆಸರು ‘ಗ್ರಾಫಿಕ್ಸ್’, ‘ಡಿಜಿಟಲ್ಸ್’ ಎಂದು ಬದಲಾದದ್ದು ಈ ಹಂಚಿಕೆಯ ಕುರುಹು. ಯಂತ್ರ ಚೆನ್ನಾಗಿ ಬರೆಯಿತು, ಆದ್ದರಿಂದ ಕುಂಚ ಸೋತಿತು ಎಂಬ ವಿವರಣೆ ಅರ್ಧ ಸತ್ಯ. ಕೆಲಸ ಮೂರು ಪಾಲಾದಾಗ ಯಾವ ಪಾಲಿನಲ್ಲೂ ಹಳೆಯ ಕಸುಬುದಾರನಿಗೆ ಜಾಗ ಇಡಲಿಲ್ಲ ಎಂಬುದು ಉಳಿದರ್ಧ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿ ಫ್ಲೆಕ್ಸನ್ನೂ ಅದರಲ್ಲಿ ಸೇರಿಸಿತು. ಫ್ಲೆಕ್ಸ್ ಬೀದಿಯಿಂದ ಹೋಗಲಿಲ್ಲ, ಕುಂಚದ ಕಸುಬು ಮೊದಲಿನ ಸ್ಥಿತಿಗೆ ಬರಲಿಲ್ಲ. ಗಿರಾಕಿಯ ದಾರಿ ಬದಲಾದ ಮೇಲೆ, ಶಿಷ್ಯರ ಸಾಲು ತುಂಡಾದ ಮೇಲೆ ಬರುವ ನಿಷೇಧ ಕಸುಬನ್ನು ಹಿಂದಕ್ಕೆ ಕರೆತರಲಾರದು. ನೆರವು ಬರಬೇಕಾದದ್ದು ಕೆಲಸ ಒಡೆಯುತ್ತಿರುವ ಹೊತ್ತಿನಲ್ಲಿ.

ಈಗ ಅದು ಮತ್ತೆ ಒಡೆಯುತ್ತಿದೆ, ಈ ಸಲ ಫ್ಲೆಕ್ಸ್ ಅಂಗಡಿಯ ಒಳಗೇ. 2022ರಲ್ಲಿ ಡಾಲ್-ಇ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಹುಟ್ಟಿಸುವ ಎಐ ಉಪಕರಣಗಳು ಒಂದರ ಹಿಂದೊಂದು ಬಂದವು. ಇವತ್ತು ಜಾತ್ರೆಯ ಬ್ಯಾನರಿಗೆ ದೇವರ ಪಟ, ನಾಟಕದ ಕರಪತ್ರಕ್ಕೆ ನಾಯಕ-ಖಳನಾಯಕರ ಮುಖ ಮೊಬೈಲಿನಲ್ಲೇ ಹುಟ್ಟುತ್ತವೆ. ಕುಂಚ ಬಿಟ್ಟು ಮೌಸ್ ಹಿಡಿದು ಬದುಕಿಕೊಂಡವರ ಪಾಲಿಗೂ ಈಗ ಕುತ್ತು ಬಂದಿದೆ. ಆದರೆ ಯಂತ್ರಕ್ಕೆ ಏನು ಗೊತ್ತು ಎಂಬುದನ್ನು ನಿಧಾನವಾಗಿ ನೋಡಬೇಕು. ಸ್ಟೇಬಲ್ ಡಿಫ್ಯೂಷನ್‌ನಂಥವು ಕಲಿತದ್ದು ಲಾಯಾನ್-5ಬಿ ಎಂಬ ಭಂಡಾರದ ಭಾಗಗಳಿಂದ. ಅದರಲ್ಲಿರುವುದು ಜಾಲತಾಣಗಳಿಂದ ಬಾಚಿದ ಸುಮಾರು 585 ಕೋಟಿ ಚಿತ್ರ-ಬರಹದ ಜೋಡಿಗಳು. ಅವುಗಳಲ್ಲಿ ಸುಮಾರು 232 ಕೋಟಿಯ ಬರಹ ಇಂಗ್ಲಿಷಿನದು. ನೂರಕ್ಕೂ ಹೆಚ್ಚಿನ ಬೇರೆ ಭಾಷೆಗಳದೆಂದು ಗುರುತಾದದ್ದು ಎಲ್ಲ ಸೇರಿ ಸುಮಾರು 226 ಕೋಟಿ. ಜಾಲದಲ್ಲಿ ಯಾವುದರ ಚಿತ್ರ ಹೆಚ್ಚು ಇದೆಯೋ ಅದು ಯಂತ್ರಕ್ಕೆ ಚೆನ್ನಾಗಿ ಗೊತ್ತು. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಭಾಗದಲ್ಲಿ ರೂಢಿ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಅದರ ಹೊರನೋಟ ಜಗತ್ತಿನ ಕ್ಯಾಮೆರಾಗಳಲ್ಲೆಲ್ಲ ಇದೆ. ಉಜ್ಜಿನಿ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಒಳಗೆ ಹೋಗಿ ತಲೆಯೆತ್ತಿ ನೋಡಿದವರ ಕಣ್ಣಲ್ಲಿದೆ. ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಭವಿಷ್ಯವಾಣಿಯಾದ ಕಾರಣಿಕ ನುಡಿಯುವ ಕ್ಷಣವನ್ನೇ ತೆಗೆದುಕೊಳ್ಳೋಣ. ಕಂಬಳಿ ಹೇಗೆ ಹೊದ್ದಿರುತ್ತದೆ, ಅರಿಸಿನದ ಭಂಡಾರ ಎಲ್ಲಿ ಮೆತ್ತಿರುತ್ತದೆ, ಕೆಳಗೆ ನಿಂತವರು ಕೈ ಹೇಗೆ ಚಾಚಿರುತ್ತಾರೆ ಎಂಬುದು ವರ್ಷವರ್ಷ ಜಾತ್ರೆಗೆ ಹೋಗುವ ಚಿತ್ರಕಾರನಿಗೆ ಗೊತ್ತು. ಅಂಥ ಚಿತ್ರವನ್ನು ಕಡಿಮೆ ನೋಡಿದ ಯಂತ್ರ, ತನಗೆ ಗೊತ್ತಿರುವ ಯಾವುದೋ ಸಾಧುವನ್ನು ತಂದು ಅಲ್ಲಿ ನಿಲ್ಲಿಸುತ್ತದೆ. ಒತ್ತಕ್ಷರದಲ್ಲೂ ಇದೇ ಕಥೆ. ಅಕ್ಷರವನ್ನು ಬರಿಯ ಆಕಾರವಾಗಿ ಕಲಿತದ್ದಕ್ಕೆ ‘ಹಗರಿಬೊಮ್ಮನಹಳ್ಳಿ’ಯ ಎರಡು ಒತ್ತುಗಳು ಎಡವುವ ಕಲ್ಲುಗಳು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಯಂತ್ರದ ಕನ್ನಡ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ, ನಾಳೆ ಒತ್ತು ತಪ್ಪದು, ಗೊರವಯ್ಯನೂ ಸರಿಯಾಗಿ ಮೂಡುತ್ತಾನೆ. ಯಂತ್ರದ ತಪ್ಪಿನ ಮೇಲೆ ಕಟ್ಟಿದ ಬದುಕು ಎಷ್ಟು ದಿನ? ಆಕ್ಷೇಪಣೆಯ ಮೊದಲರ್ಧ ನಿಜ, ಅದನ್ನು ಒಪ್ಪದೆ ಮುಂದುವರಿಯುವುದು ಚಿತ್ರಕಾರರಿಗೆ ಸುಳ್ಳು ಭರವಸೆ ಕೊಟ್ಟಂತೆ. ಆದರೆ ಯಂತ್ರ ಸುಧಾರಿಸುವುದು ಯಾವುದರಿಂದ? ಯಾರೋ ಬರೆದ ಬೋರ್ಡು, ಯಾರೋ ಬರೆದ ಪರದೆ, ಯಾರೋ ತೆಗೆದ ಫೋಟೊ ಅದರ ಹೊಟ್ಟೆಗೆ ಹೋಗಲೇಬೇಕು. ಈ ಸೀಮೆಯ ಚಿತ್ರಗಳು ಜಾಲದಲ್ಲಿ ವಿರಳ ಎಂಬುದು ಇವತ್ತಿನ ಮಟ್ಟಿಗೆ ಚಿತ್ರಕಾರರ ಕೈಯಲ್ಲಿರುವ ಹಕ್ಕಿನ ಮಾತು. ಹೆಸರಿಲ್ಲದೆ, ಲೆಕ್ಕವಿಲ್ಲದೆ ಅವು ಸೋರಿಹೋದರೆ ಆ ಹಕ್ಕೂ ಹೋಗುತ್ತದೆ. ಯಾರ ಕೃತಿ ಎಂದು ಬರೆದಿಟ್ಟ ಸಂಗ್ರಹವಾಗಿ ಉಳಿದರೆ ಬೆಲೆ ಕೇಳಬಹುದು. ಇದಲ್ಲದೆ, ಚಿತ್ರ ಸರಿಯೋ ತಪ್ಪೋ ಎಂದು ಹೇಳುವ ಹೊಣೆ ಯಂತ್ರ ಎಷ್ಟು ಜಾಣವಾದರೂ ಅದಕ್ಕೆ ಹೋಗುವುದಿಲ್ಲ. ದೇವಿಯ ಕೈಯಲ್ಲಿನ ಆಯುಧ ತಪ್ಪಿದರೆ ಜಾತ್ರೆಯ ಸಮಿತಿ ಬಂದು ಕೇಳುವುದು ಅಂಗಡಿಯವನನ್ನೇ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮ. ನಮ್ಮ ಪರದೆ ಬರೆಯುವವರೇ ರವಿವರ್ಮನನ್ನು ನೋಡಿ ಬರೆದವರಲ್ಲವೇ, ಯಂತ್ರ ನೋಡಿ ಕಲಿತರೆ ಮಾತ್ರ ಕಳ್ಳತನವೇ ಎಂಬುದು. 1894ರಲ್ಲಿ ರವಿವರ್ಮನ ಮುದ್ರಣಾಲಯ ಮುಂಬಯಿಯಲ್ಲಿ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ರೂಪವೇ ದೇಶದಾದ್ಯಂತ ಹೊಸದಾಯಿತು. ಆ ರೂಪಗಳನ್ನು ಊರೂರಿನ ಕೈಗಳು ನಕಲು ಮಾಡಿದವು. ಆ ಮುದ್ರಣಯುಗ ಹೊಸ ಚಿತ್ರಕಾರರನ್ನೂ ಬೆಳೆಸಿತು, ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕವೇ ಮನೆಮನೆಯ ಗೋಡೆಗೆ ತಲುಪಿದವರು. ಆದರೆ ಎರಡು ವ್ಯತ್ಯಾಸಗಳನ್ನು ಮರೆಯುವಂತಿಲ್ಲ. ಕ್ಯಾಲೆಂಡರು ಎಷ್ಟೇ ಸಾವಿರ ಪ್ರತಿ ಅಚ್ಚಾದರೂ ಅದರ ಬುಡದಲ್ಲಿ ಒಬ್ಬ ಚಿತ್ರಕಾರ ಬೇಕಿತ್ತು, ಅವನಿಗೆ ಮೊದಲೇ ಹಣ ಸಲ್ಲುತ್ತಿತ್ತು, ಮೂಲೆಯಲ್ಲಿ ಅವನ ಸಹಿಯೂ ಇರುತ್ತಿತ್ತು. ನೋಡಿ ಬರೆಯುವ ಶಿಷ್ಯ ವರ್ಷಗಟ್ಟಲೆ ಗುರುವಿನ ಬಣ್ಣ ಅರೆದು, ಏಣಿ ಹಿಡಿದು ಕಲಿಕೆಯ ಋಣ ತೀರಿಸುತ್ತಿದ್ದ. ಆಮೇಲೂ ಅದೇ ಊರಿನಲ್ಲಿ ಗುರುವಿನ ಕಣ್ಣೆದುರು ಬದುಕುತ್ತಿದ್ದ. ಯಂತ್ರದ ಕಲಿಕೆಯಲ್ಲಿ ಈ ಕೊಡು-ಕೊಳ್ಳುವಿಕೆಯೇ ಇಲ್ಲ. ಅಮೆರಿಕದ ಕಲಾವಿದರು 2023ರ ಜನವರಿಯಲ್ಲಿ ಸ್ಟೇಬಲ್ ಡಿಫ್ಯೂಷನ್‌ನ ಸ್ಟೆಬಿಲಿಟಿ ಎಐ ಮುಂತಾದ ಸಂಸ್ಥೆಗಳ ಮೇಲೆ ಹೂಡಿದ ದಾವೆಯ ತಿರುಳೂ ಇದೇ.

ಹಾಗಾದರೆ ನೆರವಿನ ಮೊದಲ ಹೆಜ್ಜೆ ಈ ಜನರನ್ನು ಕಸುಬುದಾರರೆಂದು ಎಣಿಸುವುದು. 2023ರ ಸೆಪ್ಟೆಂಬರ್ 17ರಂದು ಚಾಲನೆಗೊಂಡ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಶಿಲ್ಪಿ, ಗೊಂಬೆ ಮಾಡುವವರು, ಹೂವು ಕಟ್ಟುವವರು, ದರ್ಜಿಗಳು ಎಲ್ಲರೂ ಇದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಅವರಿಗೆ ಸಿಗುತ್ತದೆ. ಬೋರ್ಡು, ಪರದೆ, ಗೋಡೆ ಬರೆಯುವ ಚಿತ್ರಕಾರ ಆ ಪಟ್ಟಿಯಲ್ಲಿಲ್ಲ. ಕಂಪ್ಯೂಟರು ಕೊಳ್ಳಲು, ಬಣ್ಣದ ಕೆಲಸವನ್ನೂ ಎಐಯನ್ನೂ ಜೋಡಿಸಿ ದುಡಿಯಲು ಬಂಡವಾಳ ಬೇಕಾದವನು ಸಾಲಿನ ಹೊರಗೆ ನಿಂತಿದ್ದಾನೆ. ಈ ಪಟ್ಟಿಗೆ ಒಂದು ಹೆಸರು ಸೇರಿಸುವುದು ಹತ್ತು ಶಿಬಿರಗಳಿಗಿಂತ ದೊಡ್ಡ ಉಪಕಾರವೆಂದು ನಾನು ನಂಬುತ್ತೇನೆ.

ಎರಡನೆಯದು ಹೆಸರು. ಕಲ್ಲು ಕೆತ್ತಿದವರು ಒಂದು ಕಾಲಕ್ಕೆ ಈ ನಾಡಿನಲ್ಲಿ ಹೆಸರು ಬರೆದುಕೊಂಡವರೇ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಬೇಲೂರಿನಲ್ಲಿ ದಾಸೋಜ ತಮ್ಮ ಕೆಲಸದ ಕೆಳಗೇ ಹೆಸರು ಬಿಟ್ಟಿದ್ದಾರೆ. ‘ರೂವಾರಿ’ ಎಂಬ ಹೆಮ್ಮೆಯ ಪದವೇ ಅವರಿಗಾಗಿ ಇತ್ತು. ಪರದೆ ಬರೆದವರ ಹೆಸರು ಮಾತ್ರ ಹೆಚ್ಚಾಗಿ ಪರದೆಯ ಜೊತೆಗೇ ಮಾಸಿಹೋಗಿದೆ. ಇದು ಗೌರವದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ, ಹಣದ ಪ್ರಶ್ನೆಯೂ ಆಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಕರ್ತೃವಿನ ಆಯುಷ್ಯ ಮುಗಿದ ಮೇಲೂ 60 ವರ್ಷ ಇರುತ್ತದೆ. 57ನೆಯ ವಿಧಿ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕನ್ನು ಮಾರಾಟದ ನಂತರವೂ ಕಲಾವಿದನಿಗೆ ಉಳಿಸುತ್ತದೆ. ಅಮರನಾಥ ಸೆಹಗಲ್ ಪ್ರಕರಣದಲ್ಲಿ 2005ರಲ್ಲಿ ದೆಹಲಿ ಹೈಕೋರ್ಟು, ವಿಜ್ಞಾನ ಭವನದಿಂದ ಕಿತ್ತುಹಾಕಿದ ಭಿತ್ತಿಶಿಲ್ಪವನ್ನು ಶಿಲ್ಪಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು ಇದೇ ವಿಧಿಯ ಬಲದಿಂದ. ಎಐ ತರಬೇತಿಗೆ ಬಳಸಿದ ಕೃತಿಗಳಿಗೆ ಕಡ್ಡಾಯ ರಾಯಧನ ಕೊಡಿಸುವ ಪ್ರಸ್ತಾವವನ್ನು ಕೇಂದ್ರದ ವಾಣಿಜ್ಯ ಸಚಿವಾಲಯದ ಸಮಿತಿ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಅದು ಜಾರಿಗೆ ಬಂದರೂ ಹಣ ತಲುಪಬೇಕಾದರೆ ಕೃತಿ ಯಾವುದು, ಕರ್ತೃ ಯಾರು ಎಂಬ ದಾಖಲೆ ಬೇಕು. ಸಹಿಯಿಲ್ಲದ ಪರದೆಗೆ ರಾಯಧನ ಬರುವ ದಾರಿಯೇ ಇಲ್ಲ. ಭೌಗೋಳಿಕ ಸೂಚಿಕೆಯೂ ಇಲ್ಲಿ ಪೂರ್ತಿ ಕೈಹಿಡಿಯದು. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ಆ ಮಾನ್ಯತೆ ಇದೆ, ಆದರೆ ಅದು ಕಾಯುವುದು ಹೆಸರನ್ನು. ಯಂತ್ರ ಹೆಣೆದ ಕನ್ನಡಿ-ಕವಡೆಯ ವಿನ್ಯಾಸವನ್ನು ಸಂಡೂರಿನ ಹೆಸರೆತ್ತದೆ ಬಟ್ಟೆಯ ಮೇಲೆ ಅಚ್ಚುಹಾಕಿ ಮಾರಿದರೆ ತಾಂಡಾದ ಹೆಣ್ಣುಮಕ್ಕಳ ಕೈಯಲ್ಲಿ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ.

ದಾಖಲೆ ಮಾಡುವ ಶಕ್ತಿ ಈ ತಾಲ್ಲೂಕುಗಳಿರುವ ಜಿಲ್ಲೆಯಲ್ಲೇ ಇದೆ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗವಿದೆ; ಈ ಊರುಗಳ ಕಲ್ಲುಬರಹಗಳನ್ನು ಓದಿಸಿ ಶಾಸನ ಸಂಪುಟಗಳಾಗಿ ಅಚ್ಚುಹಾಕಿದ ಅನುಭವವೂ ಅದಕ್ಕಿದೆ. ಶಾಸನಕ್ಕೆ ಸಂದ ಶ್ರದ್ಧೆ ಪರದೆಗೂ ಬೋರ್ಡಿಗೂ ಸಲ್ಲಬೇಕು. ಯಾವ ಊರು, ಯಾವ ನಾಟಕ, ಯಾವ ವರ್ಷ, ಯಾರ ಕೈ ಎಂದು ಬರೆದು, ಫೋಟೊ ತೆಗೆದು, ಅದನ್ನು ಜಾಲಕ್ಕೆ ಬಿಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಬರೆದವರಿಗೆ ಅಥವಾ ಅವರ ಮನೆಯವರಿಗೆ ಬಿಡಬೇಕು. ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಸಂರಕ್ಷಣೆಯ ಹೆಸರಿನಲ್ಲಿ ಎಲ್ಲವನ್ನೂ ತೆರೆದಿಟ್ಟರೆ ಬಾಚುವ ಯಂತ್ರಕ್ಕೆ ತಟ್ಟೆ ಬಡಿಸಿಟ್ಟಂತಾಗುತ್ತದೆ.

ಬಡ ನಾಟಕ ಮಂಡಳಿಗೆ, ಸಣ್ಣ ಅಂಗಡಿಗೆ ಅಗ್ಗದ ಚಿತ್ರ ಸಿಕ್ಕಿದರೆ ಅದನ್ನೇಕೆ ತಡೆಯಬೇಕು ಎಂದು ಕೇಳುವವರಿದ್ದಾರೆ. ತಡೆಯಬೇಕಾಗಿಲ್ಲ. ಚಂದಾ ಎತ್ತಿ ನಾಟಕ ಆಡುವ ಹುಡುಗರು ಕರಪತ್ರಕ್ಕೆ ಎಐ ಬಳಸಿದರೆ ಅವರ ಮೇಲೆ ಹೊರೆ ಹಾಕುವುದು ಅನ್ಯಾಯ. ಹೊರೆ ಹೊರಬಲ್ಲ ಗಿರಾಕಿ ಬೇರೆ ಇದ್ದಾರೆ: ಪಂಚಾಯಿತಿ, ಶಾಲೆ, ಆರೋಗ್ಯ ಇಲಾಖೆ, ಮುಜರಾಯಿ ದೇವಸ್ಥಾನ. ಗೋಡೆ ಬರಹದ ಕಾರ್ಯಾದೇಶದಲ್ಲಿ ಎರಡು ಸಾಲು ಸೇರಿಸಿದರೆ ಸಾಕು. ಚಿತ್ರ ಯಂತ್ರದ್ದಾದರೂ ಕೈಯದ್ದಾದರೂ ಅದನ್ನು ಸ್ಥಳೀಯ ಚಿತ್ರಕಾರರೊಬ್ಬರು ನೋಡಿ ತಿದ್ದಿರಬೇಕು, ತಿದ್ದಿದ್ದಕ್ಕೆ ಕೂಲಿಯ ಬಾಬತ್ತು ಬೇರೆಯಾಗಿ ನಮೂದಾಗಬೇಕು ಎಂಬುದು ಒಂದು. ಗೋಡೆಯ ಕೆಳಮೂಲೆಯಲ್ಲಿ ಅವರ ಹೆಸರು ಇರಬೇಕು ಎಂಬುದು ಇನ್ನೊಂದು. ತರಬೇತಿಗೆ ಆಗ ಅರ್ಥ ಬರುತ್ತದೆ. ಕೂಲಿ ಗೊತ್ತುಮಾಡಿದ ಕೆಲಸವೊಂದು ಕಾದಿರುವಾಗ ಕೊಟ್ಟೂರಿನ ಫ್ಲೆಕ್ಸ್ ಅಂಗಡಿಯ ಹುಡುಗ ಎಐ ಕೊಟ್ಟ ಚಿತ್ರವನ್ನು ತಿದ್ದುವುದನ್ನು ಕಲಿಯುತ್ತಾನೆ, ದಾರ ಮಿಡಿದು ಗೆರೆ ಹಾಕುತ್ತಿದ್ದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಕಾವೊತ್ತಿನ ಜಾಗ ಕೇಳುತ್ತಾನೆ.